ಆಟವೂ ಬೇಕು, ಪಾಸೂ ಬೇಕು

ಉಗರಗೋಳ: ಯಲ್ಲಮ್ಮನ ಗುಡ್ಡದ ಬುಡದ ಈ ಊರಿನಲ್ಲಿ ‘ಪಾಸು’ ಎಂಬ ಮಾತಿಗೆ ಎರಡು ಅರ್ಥ. ಜೂನ್ ತಿಂಗಳಲ್ಲಿ ಪಾಸು ಎಂದರೆ ಬಸ್ ಪಾಸು. ಮಾರ್ಚ್ ಬಂತೆಂದರೆ ಪಾಸು ಎಂದರೆ ಪರೀಕ್ಷೆ ಪಾಸು. ಸವದತ್ತಿಗೋ ಧಾರವಾಡಕ್ಕೋ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರ ವರ್ಷವೆಲ್ಲ ಈ ಎರಡು ಪಾಸುಗಳ ನಡುವೆಯೇ ಓಡಿ ಹೋಗುತ್ತದೆ. ಇವರಲ್ಲಿ ಕೆಲವರ ಬಗಲಿನ ಚೀಲದಲ್ಲಿ ಪುಸ್ತಕದ ಜೊತೆಗೆ ಒಂದು ಜೊತೆ ಬೂಟು, ಒಂದು ಬನಿಯನ್ನು ಕೂಡ ಇರುತ್ತದೆ. ಇವರಿಗೆ ಮೂರನೆಯದೊಂದು ಪಾಸೂ ಬೇಕು. ಅದು ಕಾಲೇಜಿನ ತಂಡದಲ್ಲಿ, ಮುಂದೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡುವ ಅವಕಾಶ.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ಸುಲಭವಲ್ಲ. “ಆಟಾ ಆಡಿ ಯಾರ ಹೊಟ್ಟಿ ತುಂಬೈತೋ ತಮ್ಮಾ? ಮದಲ ಪುಸ್ತಕ ಹಿಡಿ” ಎನ್ನುತ್ತಾನೆ ಅಪ್ಪ. “ಇವತ್ತ ಪ್ರಾಕ್ಟೀಸ್ ತಪ್ಪಿಸಿದ್ರ ನಾಳೆ ಟೀಮಿನಾಗ ನಿನ್ನ ಹೆಸರಿಲ್ಲ ನೋಡಪಾ” ಎನ್ನುತ್ತಾರೆ ಪಿ.ಟಿ. ಮಾಸ್ತರು. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ನಡುವೆ ಸಿಕ್ಕಿಬಿದ್ದ ಹುಡುಗನಿಗೆ ಮಾತ್ರ ಎರಡೂ ಕಡೆ ಬೈಗುಳ. ಹಾಗಾದರೆ ಆಟ ಬಿಡಬೇಕೇ? ಓದು ಬಿಡಬೇಕೇ? ಎರಡನ್ನೂ ಹಿಡಿದರೆ ಕೊನೆಗೆ ಕೈಗೆ ಬರುವುದೇನು? ಬಸ್ಸು ಕಾಯುತ್ತ ನಿಂತವರು, ಅಂಗಡಿಯ ಕಟ್ಟೆಯ ಮೇಲೆ ಕುಂತವರು ಸಮಾಧಾನದಿಂದ ಲೆಕ್ಕ ಹಾಕಬೇಕಾದ ವಿಷಯವಿದು.

ದಿನದ ಲೆಕ್ಕ

ದಿನಕ್ಕೆ ಇಪ್ಪತ್ನಾಲ್ಕು ತಾಸು. ಮೈ ದಣಿಸಿ ಆಡುವವನಿಗೆ ಎಂಟು ತಾಸು ನಿದ್ದೆ ಬೇಕೇ ಬೇಕು. ಕಾಲೇಜಿಗೆ ಆರು ತಾಸು. ಬಸ್ಸು ಕಾಯುವುದು, ಹತ್ತುವುದು, ಇಳಿದು ನಡೆಯುವುದು ಎಲ್ಲ ಸೇರಿ ಎರಡರಿಂದ ಮೂರು ತಾಸು. ಊಟ, ಜಳಕಕ್ಕೆ ಎರಡು ತಾಸು. ಆಟದ ಅಭ್ಯಾಸಕ್ಕೆ ಎರಡು ತಾಸು. ಉಳಿದದ್ದು ಮೂರು, ಹೆಚ್ಚೆಂದರೆ ನಾಲ್ಕು ತಾಸು. ಇದರಲ್ಲೇ ಓದಬೇಕು, ಇದರಲ್ಲೇ ಮನೆಗೆಲಸ ಮಾಡಬೇಕು, ದನಕ್ಕೆ ಮೇವು ಹಾಕಬೇಕು. ಊರಿನಲ್ಲಿ ಮೈದಾನ, ಪಕ್ಕದಲ್ಲಿ ಕಾಲೇಜು ಇರುವ ಪಟ್ಟಣದ ಹುಡುಗನಿಗೂ ಇವನಿಗೂ ಇರುವ ವ್ಯತ್ಯಾಸ ಜಾಣತನದ್ದಲ್ಲ. ಬಸ್ಸು ನುಂಗುವ ಆ ಮೂರು ತಾಸಿನದು.

ಉಗರಗೋಳದಂಥ ಊರಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆ ಬಂದರೆ ಗುಡ್ಡಕ್ಕೆ ಜನಸಾಗರ. ಚಕ್ಕಡಿ, ಟ್ರ್ಯಾಕ್ಟರು, ಬಸ್ಸು ಎಲ್ಲವೂ ಇತ್ತ ಕಡೆಗೇ. ಕಾಯಿ, ಕರ್ಪೂರ, ಭಂಡಾರ, ಬಳೆ ಮಾರುವ ಮನೆಗಳಿಗೆ ವರ್ಷದ ಗಳಿಕೆಯ ದೊಡ್ಡ ಪಾಲು ಬರುವುದೇ ಆ ದಿನಗಳಲ್ಲಿ. ಅಂಗಡಿಯಲ್ಲಿ ಕೂಡಲು ಮಕ್ಕಳೂ ಬೇಕು. 2024ರಲ್ಲಿ ಭರತ ಹುಣ್ಣಿಮೆ ಬಿದ್ದದ್ದು ಫೆಬ್ರುವರಿ 24ಕ್ಕೆ. ದ್ವಿತೀಯ ಪಿಯುಸಿ ಪರೀಕ್ಷೆ ಶುರುವಾದದ್ದು ಮಾರ್ಚ್ 1ಕ್ಕೆ. ನಡುವೆ ಒಂದು ವಾರವೂ ಇಲ್ಲ. ಅಂಗಡಿ, ಪುಸ್ತಕ, ಆಟ ಈ ಮೂರರಲ್ಲಿ ಮೊದಲು ಕತ್ತರಿ ಬೀಳುವುದು ಯಾವುದಕ್ಕೆ ಎಂದು ಬೇರೆ ಹೇಳಬೇಕೇ?

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬಿಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಸರಕಾರಿ ಬಸ್ಸಿನಲ್ಲಿ ಟಿಕೀಟಿನ ಚಿಂತೆ ಹೋಯಿತು. ಅದು ದೊಡ್ಡ ಉಪಕಾರವೇ. ಆದರೆ ಕತ್ತಲಾಗುವ ಚಿಂತೆ ಹಾಗೇ ಉಳಿಯಿತು. ಕಾಲೇಜು ಬಿಟ್ಟ ಮೇಲೆ ಎರಡು ತಾಸು ಆಡಿ, ಬೆವರೊರೆಸಿ, ನಿಲ್ದಾಣಕ್ಕೆ ಬರುವ ಹೊತ್ತಿಗೆ ದೀಪ ಹಚ್ಚುವ ವೇಳೆ. “ಲಗೂನ ಮನಿಗೆ ಬಾ ಅಂದಿದ್ದೆ, ಎಲ್ಲಿ ಹೋಗಿದ್ದಿ?” ಎಂಬ ತಾಯಿಯ ಪ್ರಶ್ನೆಗೆ ಎಷ್ಟೋ ಆಟಗಳು ಅಲ್ಲಿಗೇ ಮುಗಿದು ಹೋಗುತ್ತವೆ. ಟಿಕೀಟು ಪುಕ್ಕಟೆಯಾದರೆ ಸಾಲದು, ಆಟ ಮುಗಿಯುವ ವೇಳೆಗೆ ಬಸ್ಸೂ ಇರಬೇಕು.

ದೂರ ಓಡಾಡಿ ಬೆಳೆದವನೊಬ್ಬ

ಎರಡನ್ನೂ ಹಿಡಿದವರು ಇಲ್ಲವೇ? ಇದ್ದಾರೆ, ದೂರ ಹೋಗಬೇಕಿಲ್ಲ. ಗದಗಿನ ಸುನೀಲ ಜೋಶಿ ಹುಡುಗನಾಗಿದ್ದಾಗ ಬೆಳಿಗ್ಗೆ ಎದ್ದು ಅರವತ್ತು ಕಿಲೋಮೀಟರಿನಷ್ಟು ದೂರದ ಹುಬ್ಬಳ್ಳಿಗೆ ಕ್ರಿಕೆಟ್ ಅಭ್ಯಾಸಕ್ಕೆ ಹೋಗಿ, ಶಾಲೆಯ ಗಂಟೆ ಹೊಡೆಯುವಷ್ಟರಲ್ಲಿ ಊರಿಗೆ ಮರಳುತ್ತಿದ್ದ. 1996ರಲ್ಲಿ ಆತ ಭಾರತದ ಪರ ಟೆಸ್ಟ್ ಆಡಿದ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಮೇಲೆ ಹತ್ತು ಓವರ್ ಎಸೆದು ಬರೇ ಆರು ರನ್ ಕೊಟ್ಟು ಐದು ವಿಕೆಟ್ ಕಿತ್ತ. 2020ರಲ್ಲಿ ರಾಷ್ಟ್ರೀಯ ತಂಡದ ಆಯ್ಕೆ ಸಮಿತಿಗೇ ಅಧ್ಯಕ್ಷನಾದ.

ಅನಿಲ್ ಕುಂಬ್ಳೆಯವರದು ಇನ್ನೊಂದು ಬಗೆ. 1990ರಲ್ಲಿ ಮೊದಲ ಟೆಸ್ಟ್ ಆಡುವಾಗ ಅವರು ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುತ್ತಿದ್ದರು. ತಂಡಕ್ಕೆ ಬಂದೆನೆಂದು ಓದು ಬಿಡಲಿಲ್ಲ, ಪದವಿ ಮುಗಿಸಿದರು. 619 ಟೆಸ್ಟ್ ವಿಕೆಟ್ ಆಮೇಲಿನ ಮಾತು. ಜಾವಗಲ್ ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು.

ಈ ಹೆಸರುಗಳನ್ನು ಹೇಳಿ ಹುಡುಗರ ಬೆನ್ನು ತಟ್ಟುವುದು ಸುಲಭ. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಕುಂಬ್ಳೆ, ಶ್ರೀನಾಥರಿಗೆ ಕಾಲೇಜೂ ಮೈದಾನವೂ ಒಂದೇ ಊರಿನಲ್ಲಿದ್ದವು. ಜೋಶಿಗೆ ಹಾಗಿರಲಿಲ್ಲ, ಆದರೆ ಬೆಳಗಿನ ಗಾಡಿ ಇತ್ತು, ಅಷ್ಟು ದೂರ ಕಳಿಸುವ ಮನೆಯವರಿದ್ದರು. ಪ್ರತಿಭೆಯ ಜೊತೆಗೆ ಇಂಥ ಅನುಕೂಲ ಕೂಡಿ ಬಂದಾಗಲೇ ಹೆಸರು ಪೇಪರಿಗೆ ಬರುತ್ತದೆ. ಅನುಕೂಲ ಕೂಡಿಬರದೆ ನಿಂತುಹೋದವರ ಪಟ್ಟಿ ಯಾರ ಹತ್ತಿರವೂ ಇಲ್ಲ.

ಯಾವ ಸರ್ಟಿಫಿಕೇಟಿಗೆ ಎಷ್ಟು ಕಿಮ್ಮತ್ತು?

ಇನ್ನು ಅಪ್ಪನ ಪ್ರಶ್ನೆಗೆ ಬರೋಣ. ಆಟ ಹೊಟ್ಟೆ ತುಂಬುತ್ತದೆಯೇ? ತುಂಬಬಹುದು. ಆದರೆ ಎಲ್ಲ ಆಟವೂ ಅಲ್ಲ, ಎಲ್ಲ ಸರ್ಟಿಫಿಕೇಟೂ ಅಲ್ಲ. ಹಳ್ಳಿಯ ಮನೆಗಳಲ್ಲಿ ಗೋಡೆಯ ತುಂಬ ಚೌಕಟ್ಟು ಹಾಕಿಸಿದ ಸರ್ಟಿಫಿಕೇಟುಗಳು ತೂಗುತ್ತಿರುತ್ತವೆ. ವಲಯ ಮಟ್ಟ, ತಾಲೂಕು ಮಟ್ಟ, ಹಬ್ಬದ ಪಂದ್ಯ, ಯುವಕ ಮಂಡಳದ ಕಪ್ಪು. ನೋಡಲು ಚೆಂದ. ನೌಕರಿಯ ಬಾಗಿಲಿಗೆ ಹೋದರೆ ಇವುಗಳಿಂದ ಚಿಲಕ ಸರಿಯುವುದಿಲ್ಲ.

ಕೇಂದ್ರ ಸರಕಾರದ ಕಚೇರಿಗಳಲ್ಲಿ ಗ್ರೂಪ್ ‘ಸಿ’ ಹುದ್ದೆಗಳಿಗೆ ಕ್ರೀಡಾಪಟುಗಳನ್ನು ತೆಗೆದುಕೊಳ್ಳುವ ನಿಯಮವೊಂದಿದೆ. ಅದರ ಪ್ರಕಾರ ಮುಖ್ಯವಾಗಿ ಮೂರು ಬಗೆಯವರು ಅರ್ಹರು. ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಪಂದ್ಯದಲ್ಲಿ ರಾಜ್ಯವನ್ನೋ ದೇಶವನ್ನೋ ಪ್ರತಿನಿಧಿಸಿದವರು ಒಂದು. ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ರಾಜ್ಯ ತಂಡಕ್ಕೆ ಆಡಿದವರು ಎರಡು. ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ತಮ್ಮ ವಿಶ್ವವಿದ್ಯಾಲಯದ ಪರ ಆಡಿದವರು ಮೂರು.

ಈ ಮೂರನೆಯ ದಾರಿಯೇ ಹಳ್ಳಿಯ ವಿದ್ಯಾರ್ಥಿಗೆ ಎಲ್ಲಕ್ಕಿಂತ ಹತ್ತಿರದ್ದು. ರಾಜ್ಯ ತಂಡಕ್ಕೆ ಬರಬೇಕಾದರೆ ಮೂವತ್ತಕ್ಕೂ ಹೆಚ್ಚು ಜಿಲ್ಲೆಗಳ ಹುಡುಗರ ಜೊತೆ ಗುದ್ದಾಡಬೇಕು. ವಿಶ್ವವಿದ್ಯಾಲಯದ ತಂಡಕ್ಕೆ ಅದರ ವ್ಯಾಪ್ತಿಯ ಕಾಲೇಜುಗಳ ಹುಡುಗರು ಮಾತ್ರ ಎದುರಾಳಿಗಳು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದ ಮೇಲೆ ಈ ಭಾಗದ ಕಾಲೇಜುಗಳಿಗೆ ತಮ್ಮದೇ ತಂಡವೆಂಬುದು ಬಂತು. ಅದಕ್ಕೆ ಮೊದಲು ಎಲ್ಲರೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಒಂದೇ ಸಾಲಿನಲ್ಲಿ ನಿಲ್ಲಬೇಕಿತ್ತು. ಸಾಲು ಗಿಡ್ಡಾಯಿತೆಂಬುದು ಎಷ್ಟು ಮನೆಗಳಿಗೆ ಗೊತ್ತು?

ಆದರೆ ಈ ದಾರಿಗೆ ಎರಡು ಕೀಲಿಗಳಿವೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಮೊದಲು ಕಾಲೇಜಿನ ವಿದ್ಯಾರ್ಥಿಯಾಗಿರಬೇಕು. ಪಿಯುಸಿಯಲ್ಲಿ ಫೇಲಾದವನು ಎಷ್ಟೇ ಚೆನ್ನಾಗಿ ಆಡಲಿ, ಆ ಮೈದಾನದೊಳಗೆ ಕಾಲಿಡುವಂತಿಲ್ಲ. ವಯಸ್ಸಿನ ಮಿತಿಯೂ ಇದೆ, ಇಪ್ಪತ್ತೈದು ದಾಟಿದರೆ ಬಾಗಿಲು ಮುಚ್ಚಿತು. ನೌಕರಿಯಲ್ಲಿಯೂ ಹಾಗೆಯೇ. ಕ್ರೀಡಾ ಕೋಟಾದಲ್ಲಿ ವಯಸ್ಸಿಗೆ ರಿಯಾಯಿತಿ ಉಂಟು, ಆ ಹುದ್ದೆಗೆ ಬೇಕಾದ ವಿದ್ಯಾರ್ಹತೆಗೆ ಇಲ್ಲ. ಅಪ್ಪ ಹೇಳಿದ ಪುಸ್ತಕವೂ ಬೇಕು, ಮಾಸ್ತರು ಹೇಳಿದ ಮೈದಾನವೂ ಬೇಕು. ಇಬ್ಬರೂ ಅರ್ಧರ್ಧ ಹೇಳುತ್ತಿದ್ದಾರೆ, ಅಷ್ಟೇ.

ಬೇಸ್‌ಬಾಲ್ ಎಂಬ ಹೊಸ ಗಾಳಿ

ಈಚೆಗೆ ಕಾಲೇಜು ಹುಡುಗರ ಬಾಯಲ್ಲಿ ಬೇಸ್‌ಬಾಲ್ ಎಂಬ ಹೆಸರು ಕೇಳಿ ಬರುತ್ತಿದೆ. ಅಮೇರಿಕದವರ ದಾಂಡಿನಾಟ ಇದು. ತಂಡಕ್ಕೆ ಒಂಬತ್ತು ಜನ. ಚೆಂಡು ಎಸೆಯುವವನಿಗೂ ಹೊಡೆಯುವವನಿಗೂ ನಡುವೆ ಹದಿನೆಂಟೂವರೆ ಮೀಟರಿನಷ್ಟು ಅಂತರ, ಕ್ರಿಕೆಟ್ ಪಿಚ್ಚಿಗಿಂತ ಸ್ವಲ್ಪ ಕಡಿಮೆ. ಚೆಂಡು ನೆಲಕ್ಕೆ ಪುಟಿಯದೆ ನೇರ ಬರುತ್ತದೆ. ಹೊಡೆದವನು ತೊಂಬತ್ತು ತೊಂಬತ್ತು ಅಡಿಗೊಂದರಂತೆ ಇರುವ ಬೇಸುಗಳನ್ನು ಮುಟ್ಟುತ್ತ ಸುತ್ತಿ ಬಂದರೆ ಒಂದು ರನ್. ಚಿಣಿಪಣಿ ಆಡಿ ಕಣ್ಣು ಪಳಗಿದ ಹುಡುಗನಿಗೆ ತೀರ ಪರಕೀಯವೇನಲ್ಲ.

ಗಾಳಿ ಬೀಸಿದ್ದಕ್ಕೆ ಕಾರಣವಿದೆ. 2023ರ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕೂಡಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕ್ರಿಕೆಟ್ ಜೊತೆಗೆ ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲನ್ನೂ ಸೇರಿಸಿತು. ನಮ್ಮ ಹುಡುಗರಿಗೆ ಇದಕ್ಕಿಂತ ಮುಖ್ಯವಾದ ಸುದ್ದಿ ಮಾತ್ರ 2020ರಲ್ಲೇ ಬಂದಿತ್ತು, ಸದ್ದಿಲ್ಲದೆ. ಆ ವರ್ಷ ಕೇಂದ್ರ ಸರಕಾರ ನೌಕರಿಗೆ ಪರಿಗಣಿಸುವ ಆಟಗಳ ಪಟ್ಟಿಯನ್ನು 43ರಿಂದ 63ಕ್ಕೆ ಏರಿಸಿತು. ಹೊಸದಾಗಿ ಸೇರಿದವುಗಳಲ್ಲಿ ಬೇಸ್‌ಬಾಲ್ ಒಂದು, ಮಲ್ಲಕಂಬ ಒಂದು, ಹಗ್ಗಜಗ್ಗಾಟವೂ ಒಂದು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲೂ ಬೇಸ್‌ಬಾಲ್ ಇದೆ.

ಕ್ರಿಕೆಟ್ಟಿನ ಸಾಲಿನಲ್ಲಿ ಸಾವಿರ ಹುಡುಗರು ನಿಂತಿದ್ದರೆ ಈ ಆಟದ ಸಾಲಿನಲ್ಲಿ ಹತ್ತಾರು ಮಂದಿಯೂ ಇರಲಿಕ್ಕಿಲ್ಲ. ಹಾಗೆಂದು ಕಣ್ಣು ಮುಚ್ಚಿ ಓಡುವ ಹಾಗೂ ಇಲ್ಲ. ಕಬಡ್ಡಿಗೆ ಒಂದಿಷ್ಟು ಹದ ಮಾಡಿದ ನೆಲ, ಒಂದು ಚಡ್ಡಿ ಸಾಕು. ಬೇಸ್‌ಬಾಲಿಗೆ ಪ್ರತಿಯೊಬ್ಬನಿಗೂ ತೊಗಲಿನ ಗ್ಲೌಸು, ಹೆಲ್ಮೆಟ್ಟು, ಹಿಂದೆ ಕೂತು ಚೆಂಡು ಹಿಡಿಯುವವನಿಗೆ ಮುಖಕ್ಕೆ ಎದೆಗೆ ಕವಚ ಬೇಕು. ಕಲಿಸುವವರು ಎಲ್ಲ ಊರಲ್ಲೂ ಸಿಗುವುದಿಲ್ಲ. ಒಲಿಂಪಿಕ್ಸಿನಲ್ಲಿ ಈ ಆಟ ಬರುತ್ತದೆ, ಹೋಗುತ್ತದೆ. ಟೋಕಿಯೊದಲ್ಲಿತ್ತು, 2024ರ ಪ್ಯಾರಿಸಿನಲ್ಲಿ ಇರಲಿಲ್ಲ.

ಅಮೇರಿಕದ ಕನಸು ಕಾಣುವವರು ಇಬ್ಬರು ಉತ್ತರ ಪ್ರದೇಶದ ಹುಡುಗರ ಕಥೆ ತಿಳಿಯಬೇಕು. ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಹಳ್ಳಿಯವರು, ಲಖನೌ ಕ್ರೀಡಾ ಹಾಸ್ಟೆಲಿನಲ್ಲಿ ಜಾವೆಲಿನ್ ಎಸೆಯುತ್ತಿದ್ದವರು. 2008ರಲ್ಲಿ ಚೆಂಡೆಸೆಯುವ ಸ್ಪರ್ಧೆಯೊಂದರಲ್ಲಿ ಆಯ್ಕೆಯಾಗಿ, ಅಮೇರಿಕದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕರಾರಿಗೆ ಸಹಿ ಹಾಕಿದರು. ಅವರ ಮೇಲೆ ಸಿನೆಮಾ ಕೂಡ ಬಂತು. ಆದರೆ ದಿನೇಶನನ್ನು 2010ರಲ್ಲಿ ತಂಡ ಕೈಬಿಟ್ಟಿತು, ಆತ ಊರಿಗೆ ಮರಳಿದ. ರಿಂಕು ಕೆಲವು ವರ್ಷ ಕೆಳಗಿನ ಲೀಗುಗಳಲ್ಲಿ ಆಡಿ, ಗಾಯಗೊಂಡು, ಕೊನೆಗೆ ಟಿವಿಯ ಕುಸ್ತಿಗೆ ಹೋದ. ಮೇಲಿನ ಲೀಗಿನಲ್ಲಿ ಇಬ್ಬರೂ ಒಂದು ಪಂದ್ಯವನ್ನೂ ಆಡಲಿಲ್ಲ.

ಅಲ್ಲಿಯವರೇ ಓದು ಬಿಡುವುದಿಲ್ಲ

ಆಟದಿಂದಲೇ ಕೋಟಿ ಗಳಿಸುವ ದೇಶ ಎಂದು ಹೆಸರಾದ ಅಮೇರಿಕದಲ್ಲಿ ಕಾಲೇಜು ಹುಡುಗನಿಗೆ ಏನು ನಿಯಮ? ಅಲ್ಲಿಯ ಮೇಲ್ದರ್ಜೆಯ ಕಾಲೇಜು ತಂಡದಲ್ಲಿ ಆಡಲು ಹೈಸ್ಕೂಲಿನಲ್ಲಿ ಹದಿನಾರು ಮುಖ್ಯ ವಿಷಯಗಳನ್ನು ಮುಗಿಸಿರಬೇಕು, ಅದರಲ್ಲಿ ನಾಲ್ಕಕ್ಕೆ ಕನಿಷ್ಠ 2.3 ಅಂಕ ಇರಬೇಕು. ಕಾಲೇಜು ಸೇರಿದ ಮೇಲೂ ಪದವಿಯತ್ತ ವರ್ಷವರ್ಷ ಇಂತಿಷ್ಟು ಮುಂದೆ ಸಾಗಿರಬೇಕು. ತಪ್ಪಿದರೆ ಮೈದಾನವಿಲ್ಲ. ನಾಲ್ಕು ವರ್ಷದ ಕಾಲೇಜು ಸೇರಿದ ಬೇಸ್‌ಬಾಲ್ ಆಟಗಾರನನ್ನು ಮೂರನೆಯ ವರ್ಷ ಮುಗಿಯುವವರೆಗೆ, ಅಥವಾ ಇಪ್ಪತ್ತೊಂದು ತುಂಬುವವರೆಗೆ, ದುಡ್ಡಿನ ತಂಡಗಳು ಎಳೆದುಕೊಂಡು ಹೋಗುವಂತಿಲ್ಲ.

ಪುಕ್ಕಟೆ ಓದಿನ ಮಾತೂ ಅಷ್ಟು ಸಲೀಸಲ್ಲ. 2025ರವರೆಗೆ ಮೇಲ್ದರ್ಜೆಯ ಒಂದು ಕಾಲೇಜು ತನ್ನ ಬೇಸ್‌ಬಾಲ್ ತಂಡಕ್ಕೆ ಕೊಡಬಹುದಾಗಿದ್ದದ್ದು 11.7 ಪೂರ್ಣ ವಿದ್ಯಾರ್ಥಿವೇತನದಷ್ಟು ಹಣ ಮಾತ್ರ. ಅದನ್ನೇ ಹಲವು ಹುಡುಗರಿಗೆ ಹಂಚುತ್ತಿದ್ದರು. ಅರ್ಧ ಫೀ ಕಾಲೇಜಿನದು, ಇನ್ನರ್ಧ ಅಪ್ಪನ ಕಿಸೆಯದು. ಈಗ ಆ ನಿಯಮ ಸಡಿಲಾಗಿದೆ, ಆದರೆ ಹೊಸ ಪದ್ಧತಿಗೆ ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 34 ಮಂದಿ ಎಂಬ ಮಿತಿ ಬಂದಿದೆ. ಅಲ್ಲಿಯೇ ಹೀಗಿದ್ದರೆ, ಇಲ್ಲಿ ಪುಸ್ತಕ ಬಿಸಾಕಿ ದಾಂಡು ಹಿಡಿಯುತ್ತೇನೆ ಎನ್ನುವವನು ಯಾವ ಧೈರ್ಯದ ಮೇಲೆ ಹೇಳುತ್ತಾನೆ?

ತುರಮರಿಯ ಹುಡುಗಿ

ಜನ ನೋಡದ ಆಟದಲ್ಲಿ ಮೇಲೆ ಬಂದ ಉದಾಹರಣೆ ಇದೇ ಜಿಲ್ಲೆಯಲ್ಲಿದೆ. ಬೆಳಗಾವಿ ತಾಲೂಕು ತುರಮರಿಯ ಮಲಪ್ರಭಾ ಜಾಧವ. ಸವದತ್ತಿಯ ಮಗ್ಗುಲಲ್ಲಿ ಹರಿಯುವ ಹೊಳೆಯ ಹೆಸರಿನ ಹುಡುಗಿ. ಜೂಡೊ ಕಲಿತವಳು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಮೊದಲ ಬಾರಿ ಕುರಾಶ್ ಎಂಬ ಮಧ್ಯ ಏಷ್ಯದ ಕುಸ್ತಿ ಸೇರಿತು. ಜೂಡೊದ ಪಟ್ಟು ಅಲ್ಲಿಯೂ ನಡೆಯಿತು. 52 ಕಿಲೊ ವಿಭಾಗದಲ್ಲಿ ಆಕೆ ಕಂಚಿನ ಪದಕ ತಂದಳು. ಆ ದಿನದವರೆಗೆ ಕುರಾಶ್ ಎಂದರೇನೆಂದು ಬೆಳಗಾವಿ ಪೇಟೆಯಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಇಂಥವರನ್ನು ಬೆಳೆಸುವ ವ್ಯವಸ್ಥೆ ಇಲ್ಲವೆಂದಲ್ಲ. ಪಕ್ಕದ ರಾಮದುರ್ಗ ತಾಲೂಕಿನ ಚಂದರಗಿಯಲ್ಲಿ ವಸತಿ ಕ್ರೀಡಾ ಶಾಲೆ ಇದೆ. ಬೆಳಗಾವಿ, ಧಾರವಾಡಗಳಲ್ಲಿ ಸರಕಾರದ ಕ್ರೀಡಾ ಹಾಸ್ಟೆಲುಗಳಿವೆ. ಊಟ, ವಸತಿ, ತರಬೇತಿ, ಓದು ಒಂದೇ ಕಡೆ. ಬಸ್ಸು ನುಂಗುವ ಆ ಮೂರು ತಾಸು ಅಲ್ಲಿ ಉಳಿಯುತ್ತದೆ. ಕಾಲೇಜು ಮಟ್ಟದಲ್ಲಿ ಮೂಡಬಿದಿರೆಯ ಆಳ್ವಾಸ್ ಸಂಸ್ಥೆ ಆಟಗಾರರನ್ನು ದತ್ತು ತೆಗೆದುಕೊಂಡು ಓದಿಸುತ್ತದೆ. ಮಂಗಳೂರು ವಿಶ್ವವಿದ್ಯಾಲಯ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸಿನಲ್ಲಿ ಮತ್ತೆ ಮತ್ತೆ ಗೆದ್ದುದರ ಗುಟ್ಟು ಅದರಲ್ಲಿದೆ. ಖೇಲೊ ಇಂಡಿಯಾಕ್ಕೆ ಆಯ್ಕೆಯಾದವರಿಗೆ ಕೈಖರ್ಚಿಗೆಂದೇ ವರ್ಷಕ್ಕೆ 1 ಲಕ್ಷ 20 ಸಾವಿರ ರೂಪಾಯಿ ಸಿಗುತ್ತದೆ. ದಾರಿಗಳಿವೆ. ಆಯ್ಕೆ ಎಂದು, ಅರ್ಜಿ ಎಲ್ಲಿ ಎಂಬ ಸುದ್ದಿ ಗುಡ್ಡ ಹತ್ತಿ ಇಳಿದು ಉಗರಗೋಳಕ್ಕೆ ಬರುವಷ್ಟರಲ್ಲಿ ತಾರೀಖು ಮುಗಿದಿರುತ್ತದೆ, ಅದೇ ತಾಪತ್ರಯ.

ಮಾಡಬೇಕಾದದ್ದು

ದೊಡ್ಡ ಸ್ಟೇಡಿಯಂ ಬೇಕೆಂದು ಕೂಗುವುದು ಆಮೇಲೆ ಇರಲಿ. ಈಗಲೇ, ಹೆಚ್ಚು ಖರ್ಚಿಲ್ಲದೆ ಆಗುವ ಕೆಲಸಗಳಿವೆ.

ಮೊದಲನೆಯದು ಹಾಜರಿ. ಪರೀಕ್ಷೆಗೆ ಕೂಡಲು ಶೇಕಡಾ 75 ಹಾಜರಿ ಬೇಕು. ಪಂದ್ಯದ ಹಂಗಾಮು ಆಗಸ್ಟಿನಿಂದ ದಸರೆ ದಾಟಿ ನಡೆಯುತ್ತದೆ. ತಾಲೂಕು ಗೆದ್ದರೆ ಜಿಲ್ಲೆ, ಜಿಲ್ಲೆ ಗೆದ್ದರೆ ವಿಭಾಗ. ಗೆದ್ದಷ್ಟೂ ತರಗತಿ ತಪ್ಪುತ್ತದೆ. ಆಟಕ್ಕೆ ಹೋದ ದಿನಗಳ ಪತ್ರವನ್ನು ಆಗಿಂದಾಗಲೇ ಕಾಲೇಜಿಗೆ ಮುಟ್ಟಿಸಿ ದಾಖಲು ಮಾಡಿಸಬೇಕು. ಮಾರ್ಚಿನಲ್ಲಿ ಕೈಮುಗಿದು ನಿಂತರೆ ಯಾರೂ ಏನೂ ಮಾಡಲಾರರು. ತಪ್ಪಿದ ಪಾಠವನ್ನು ಶನಿವಾರ ಮಧ್ಯಾಹ್ನ ಒಂದು ತಾಸು ಹೇಳಿಕೊಡುವ ಮಾಸ್ತರೊಬ್ಬರಿದ್ದರೆ ಅರ್ಧ ಭಾರ ಇಳಿಯುತ್ತದೆ.

ಎರಡನೆಯದು, ಆಟ ಆರಿಸುವ ಮೊದಲು ಪಟ್ಟಿ ನೋಡುವುದು. ಶಾಲಾ ಕ್ರೀಡಾಕೂಟದಲ್ಲಿ ಇದೆಯೇ, ವಿಶ್ವವಿದ್ಯಾಲಯದಲ್ಲಿ ತಂಡ ಇದೆಯೇ, ನೌಕರಿಯ ಪಟ್ಟಿಯಲ್ಲಿ ಇದೆಯೇ ಎಂಬ ಮೂರು ಪ್ರಶ್ನೆ ಪಿ.ಟಿ. ಮಾಸ್ತರನ್ನು ಕೇಳಬೇಕು. ಯಾವುದೋ ಸಂಘ ಫೀ ಇಸಗೊಂಡು ‘ರಾಷ್ಟ್ರಮಟ್ಟ’ ಎಂದು ಬರೆದುಕೊಟ್ಟ ಹಾಳೆಗೆ ಮೋಸ ಹೋಗಬಾರದು. ಯಾವ ಒಕ್ಕೂಟದ ಸಹಿ ಅದರ ಮೇಲಿದೆ ಎನ್ನುವುದರ ಮೇಲೆ ಅದರ ಬೆಲೆ.

ಮೂರನೆಯದು ಬಸ್ಸು. ಆಟ ಮುಗಿಯುವ ವೇಳೆಗೆ ಹೊಂದುವ ಹಾಗೆ ಸಂಜೆಯ ಒಂದು ಬಸ್ಸಿನ ವೇಳೆ ಬದಲಿಸಿದರೆ ವಾಯವ್ಯ ಸಾರಿಗೆ ಸಂಸ್ಥೆಗೆ ದೊಡ್ಡ ನಷ್ಟವೇನಿಲ್ಲ. ಕಾಲೇಜುಗಳು, ಪಂಚಾಯಿತಿಗಳು ಕೂಡಿ ಡಿಪೋಕ್ಕೆ ಬರೆದು ಕೇಳಬೇಕು. ಬಾಯಿಮಾತಿನ ಗೊಣಗಾಟ ಬಸ್ಸಿನ ಕಿಟಕಿಯಿಂದ ಹೊರಗೆ ಹೋಗುತ್ತದೆ, ಕಚೇರಿಗೆ ಮುಟ್ಟುವುದಿಲ್ಲ.

ನಾಲ್ಕನೆಯದು ಅಂಗಡಿಕಾರರ ಪಾಲು. ಹುಡುಗನೊಬ್ಬ ಗೆದ್ದು ಬಂದರೆ ಊರ ತುಂಬ ಫ್ಲೆಕ್ಸು, ಹಾರ, ಗುಲಾಲು. ಫ್ಲೆಕ್ಸಿನಲ್ಲಿ ಗೆದ್ದವನ ಮುಖಕ್ಕಿಂತ ಶುಭ ಕೋರುವವರ ಮುಖಗಳೇ ದೊಡ್ಡವು. ಆ ಹಣದಲ್ಲಿ, ಅವನು ಗೆಲ್ಲುವ ಮೊದಲೇ ಒಂದು ಜೊತೆ ಒಳ್ಳೆ ಬೂಟು ಬರುತ್ತದೆ. ಜಾತ್ರೆಯ ವಾರದಲ್ಲಿ ಅಂಗಡಿಗೆ ಮಗ ಬೇಕೇ ಬೇಕು, ಅದನ್ನು ಯಾರೂ ತಪ್ಪೆನ್ನುವುದಿಲ್ಲ. ಜಾತ್ರೆ ಇಲ್ಲದ ದಿನ ಸಂಜೆ ಎರಡು ತಾಸು ಅವನನ್ನು ಬಿಟ್ಟುಕೊಟ್ಟರೆ ವ್ಯಾಪಾರ ಮುಳುಗುವುದಿಲ್ಲ.

ಕೊನೆಯದು ಹುಡುಗರದೇ. ಆಟಗಾರ ಎಂಬ ಹೆಸರಿನಲ್ಲಿ ಪುಸ್ತಕಕ್ಕೆ ಸುಟ್ಟಿ ಕೊಡುವವರೂ ಇದ್ದಾರೆ. ಪಂದ್ಯ ಮುಗಿದು ಮೂರು ದಿನವಾದರೂ ತರಗತಿಯ ಕಡೆ ತಲೆ ಹಾಕದವರನ್ನು ಯಾವ ಮಾಸ್ತರು ಕಾಪಾಡಬೇಕು? 2024ರಿಂದ ಬೋರ್ಡ್ ಪರೀಕ್ಷೆಯನ್ನು ಒಂದೇ ವರ್ಷ ಒಂದಕ್ಕಿಂತ ಹೆಚ್ಚು ಸಲ ಬರೆದು ಹೆಚ್ಚಿನ ಅಂಕ ಉಳಿಸಿಕೊಳ್ಳುವ ಪದ್ಧತಿ ಬಂದಿದೆ. ಆಡುವ ಹುಡುಗರಿಗೆ ಇದು ಸಿಕ್ಕ ವರ. ವರವನ್ನು “ಇನ್ನೊಂದ್ ಸಲ ಬರದ್ರಾತು ಬಿಡು” ಎಂಬ ಸೋಮಾರಿತನಕ್ಕೆ ಬಳಸಿದರೆ ಅದೇ ಶಾಪ.

ಮೊಣಕಾಲು ಒಂದು ಸಲ ತಿರುಚಿದರೆ ಆಟ ಅಲ್ಲಿಗೆ ನಿಲ್ಲುತ್ತದೆ. ಆಗ ಕೈಹಿಡಿಯುವುದು ಪದವಿಯ ಕಾಗದ. ಬರೇ ಪದವಿಯ ಕಾಗದ ಹಿಡಿದವರು ಸಾವಿರಗಟ್ಟಲೆ ಸಾಲಿನಲ್ಲಿ ನಿಂತಾಗ ನಾಲ್ಕು ಹೆಜ್ಜೆ ಮುಂದೆ ನಿಲ್ಲಿಸುವುದು ವಿಶ್ವವಿದ್ಯಾಲಯದ ಪರ ಆಡಿದ ಸರ್ಟಿಫಿಕೇಟು. ಈ ಲೆಕ್ಕ ಉಗರಗೋಳದ ಅಪ್ಪನಿಗೆ ತಿಳಿದರೆ ಬೂಟು ಇಟ್ಟ ಚೀಲ ನೋಡಿ ಸಿಟ್ಟಾಗಲಾರ. “ಪ್ರಾಕ್ಟೀಸ್ ಮುಗಿಸ್ಕೊಂಡು ನೆಟ್ಟಗ ಮನಿಗೆ ಬಾ, ಬಂದು ಓದಾಕ ಕುಂದರು” ಎಂದಾನು. ಹುಡುಗನಿಗೆ ಬೇಕಾದದ್ದೂ ಅಷ್ಟೇ ಮಾತು.